ದಾಮರಗಿದ್ದದ ತೂಗುಗುಂಡು

ಗೋಡೆ ಕಟ್ಟುವ ಗೌಂಡಿಯ ಕೈಯಲ್ಲಿ ದಾರಕ್ಕೆ ಕಟ್ಟಿದ ಗುಂಡನ್ನು ನೀವು ನೋಡಿದ್ದೀರಿ. ತಾಂಡೂರಿನ ಕಲ್ಲುಗೋಡೆಯಾಗಲಿ, ಜಹೀರಾಬಾದಿನ ಇಟ್ಟಿಗೆ ಗೋಡೆಯಾಗಲಿ, ನೆಟ್ಟಗಿದೆಯೋ ಇಲ್ಲವೋ ಎಂಬುದಕ್ಕೆ ಅದೇ ಸಾಕ್ಷಿ. ಈ ತೂಗುಗುಂಡು ಯಾವ ಕಡೆಗೆ ತೋರಿಸುತ್ತದೆ ಎಂದು ಪರೀಕ್ಷೆಯಲ್ಲಿ ಕೇಳಿದರೆ, 'ಭೂಮಿಯ ಕೇಂದ್ರದ ಕಡೆಗೆ' ಎಂದು ಬರೆಯುತ್ತೀರಿ, ಅಂಕವೂ ಸಿಗುತ್ತದೆ. ಆದರೆ ಆ ಉತ್ತರ ಪೂರ್ತಿ ಸರಿಯಲ್ಲ. ಅದು ಏಕೆ ಸರಿಯಲ್ಲ ಎಂಬ ಕಥೆಯಲ್ಲಿ ನಿಮ್ಮ ನಾರಾಯಣಖೇಡ ಸೀಮೆಯ ದಾಮರಗಿದ್ದದ ಹೆಸರೂ ಬರುತ್ತದೆ.

ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ 1802ರಲ್ಲಿ ಮದರಾಸಿನಲ್ಲಿ ಭೂಮಿಯನ್ನು ಅಳೆಯುವ ಮಹಾ ಕಾರ್ಯವನ್ನು ಆರಂಭಿಸಿದ. ಮೊದಲು ಸಮತಟ್ಟಾದ ನೆಲದ ಮೇಲೆ ಒಂದು ಗೆರೆಯನ್ನು ಅತಿ ನಿಖರವಾಗಿ ಅಳೆಯುವುದು; ಆಮೇಲೆ ಬೆಟ್ಟದಿಂದ ಬೆಟ್ಟಕ್ಕೆ ದೃಷ್ಟಿಯಿಟ್ಟು, ಕೋನಗಳನ್ನು ಅಳೆದು, ತ್ರಿಕೋನಗಳ ಸಾಲನ್ನು ಹೆಣೆಯುತ್ತ ಹೋಗುವುದು ಅವನ ಕ್ರಮ. ಅಂಥ ಒಂದು ತಳರೇಖೆಯನ್ನು 1815ರಲ್ಲಿ ನಮ್ಮ ಸೀಮೆಯಲ್ಲಿ ಅಳೆದರು. ಆಗ ಇದು ನಿಜಾಮರ ರಾಜ್ಯದ ಬೀದರ್ ಪ್ರಾಂತ. ಆದ್ದರಿಂದ ಅದಕ್ಕೆ 'ಬೀದರ್ ತಳರೇಖೆ' ಎಂದೇ ಹೆಸರು. ನಾರಾಯಣಖೇಡ ಮತ್ತು ಜಹೀರಾಬಾದುಗಳು ಬೀದರ್ ಜಿಲ್ಲೆಯಿಂದ ಬೇರೆಯಾದದ್ದು 1956ರಲ್ಲಿ.

ಅಳತೆಗೆ ಉಕ್ಕಿನ ಸರಪಳಿ. ಬಿಸಿಯಾದರೆ ಲೋಹ ಹಿಗ್ಗುತ್ತದೆ ಎಂದು ನೀವು ಓದಿದ್ದೀರಷ್ಟೇ? 100 ಅಡಿ ಉಕ್ಕು 10 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಮೂರೂವರೆ ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಮೈಲಿಗಟ್ಟಲೆ ಅಳೆಯುವವನಿಗೆ ಇದು ಸಣ್ಣ ಮಾತಲ್ಲ. ಆದಕಾರಣ 1841ರಲ್ಲಿ ಬೀದರ್ ತಳರೇಖೆಯನ್ನು ಕಬ್ಬಿಣ ಮತ್ತು ಹಿತ್ತಾಳೆಯ ಪಟ್ಟಿಗಳನ್ನು ಜೋಡಿಸಿದ ಸಾಧನದಿಂದ ಮತ್ತೆ ಅಳೆದರು. ಎರಡು ಲೋಹಗಳೂ ಹಿಗ್ಗುತ್ತವೆ, ಆದರೆ ಬೇರೆಬೇರೆ ಪ್ರಮಾಣದಲ್ಲಿ. ಆ ವ್ಯತ್ಯಾಸವನ್ನೇ ಬಳಸಿಕೊಂಡು ಅಳತೆಯ ಗುರುತುಗಳ ನಡುವಿನ ಅಂತರ ಬದಲಾಗದಂತೆ ಮಾಡಿದ್ದರು.

ಲ್ಯಾಂಬ್ಟನ್ 1823ರಲ್ಲಿ ತೀರಿಕೊಂಡ ಮೇಲೆ ಕೆಲಸವನ್ನು ಮುಂದುವರಿಸಿದವನು ಜಾರ್ಜ್ ಎವರೆಸ್ಟ್. ಅವನ ಅಳತೆಯ ಕಂಸಕ್ಕೆ ದಕ್ಷಿಣದ ತುದಿ ದಾಮರಗಿದ್ದ, ಅಕ್ಷಾಂಶ 18 ಡಿಗ್ರಿ 3 ಮಿನಿಟು. ನಡುವೆ ಇಂದಿನ ಮಧ್ಯಪ್ರದೇಶದ ಸಿರೋಂಜಿನ ಬಳಿಯ ಕಲ್ಯಾಣಪುರ. ಉತ್ತರದ ತುದಿ ಇಂದಿನ ಉತ್ತರಪ್ರದೇಶದ ಕಲಿಯಾನ. ಊರುಗಳ ಅಕ್ಷಾಂಶದ ಅಂತರವನ್ನು ಎರಡು ದಾರಿಯಿಂದ ಕಂಡುಕೊಂಡರು. ಒಂದು, ನೆಲದ ಮೇಲಿನ ತ್ರಿಕೋನಗಳಿಂದ. ಇನ್ನೊಂದು, ತೂಗುಗುಂಡಿನ ನೇರವನ್ನು ಆಧಾರವಾಗಿಟ್ಟುಕೊಂಡು ನಕ್ಷತ್ರಗಳನ್ನು ನೋಡಿ. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಆದರೂ ಕಲ್ಯಾಣಪುರ ಮತ್ತು ಕಲಿಯಾನಗಳ ನಡುವೆ ಎರಡು ಉತ್ತರಗಳು ತಾಳೆಯಾಗಲಿಲ್ಲ. 5.236 ಸೆಕೆಂಡು ವ್ಯತ್ಯಾಸ ಬಂತು. ಒಂದು ಡಿಗ್ರಿಗೆ 3600 ಸೆಕೆಂಡು. ಅಂದರೆ ನೆಲದ ಮೇಲೆ ಸುಮಾರು 160 ಮೀಟರು, ಅದೂ ಸುಮಾರು 600 ಕಿಲೋಮೀಟರು ದೂರದಲ್ಲಿ.

ಎವರೆಸ್ಟ್ ಈ ಅಂತರವನ್ನು ಅಳತೆಯ ದೋಷವೆಂದು ಭಾವಿಸಿ ಸರಿದೂಗಿಸಲು ನೋಡಿದ. ಆದರೆ ಮುಚ್ಚಿಡಲಿಲ್ಲ, 1847ರಲ್ಲಿ ಅಳತೆಗಳನ್ನೆಲ್ಲ ಅಚ್ಚು ಹಾಕಿಸಿದ. ಅದನ್ನು ಓದಿದ ಕಲ್ಕತ್ತೆಯ ಪಾದ್ರಿ, ಗಣಿತಜ್ಞ ಜಾನ್ ಹೆನ್ರಿ ಪ್ರ್ಯಾಟ್, ಹಿಮಾಲಯ ತನ್ನ ರಾಶಿಯಿಂದ ಗುಂಡನ್ನು ಉತ್ತರಕ್ಕೆ ಎಳೆಯುತ್ತಿರಬೇಕು ಎಂದು ಯೋಚಿಸಿದ. ನ್ಯೂಟನ್ ಹೇಳಿದ ಗುರುತ್ವಾಕರ್ಷಣೆ ಭೂಮಿಗೆ ಮಾತ್ರವಲ್ಲ, ಬೆಟ್ಟಕ್ಕೂ ಉಂಟಲ್ಲವೇ? ಪ್ರ್ಯಾಟನ ಲೆಕ್ಕದಂತೆ ಅಷ್ಟು ದೂರದ ದಾಮರಗಿದ್ದದಲ್ಲೂ ಗುಂಡು ಸುಮಾರು 7 ಸೆಕೆಂಡು ಓರೆಯಾಗಬೇಕು. ಆದರೆ ಕಲ್ಯಾಣಪುರ ಮತ್ತು ಕಲಿಯಾನಗಳ ನಡುವಿನ ವ್ಯತ್ಯಾಸ ಅವನ ಲೆಕ್ಕದಲ್ಲಿ 15.885 ಸೆಕೆಂಡು ಬಂತು. ಅಳೆದು ಕಂಡದ್ದರ ಮೂರು ಪಟ್ಟು!

ಅಷ್ಟು ದೊಡ್ಡ ಪರ್ವತ ಇಷ್ಟು ಕಡಿಮೆ ಎಳೆಯುವುದೇಕೆ? 1855ರಲ್ಲಿ ಜಾರ್ಜ್ ಏರಿ ಎಂಬ ಖಗೋಳಜ್ಞ ಉತ್ತರ ಕೊಟ್ಟ. ನೀರಿನಲ್ಲಿ ತೇಲುವ ಮರದ ದಿಮ್ಮಿ ಮೇಲೆ ಎತ್ತರವಾಗಿ ಕಂಡಷ್ಟೂ ಕೆಳಗೂ ಆಳವಾಗಿ ಮುಳುಗಿರುತ್ತದೆ. ಹಾಗೆಯೇ ಪರ್ವತಕ್ಕೂ ಕೆಳಗೆ ಹಗುರ ಶಿಲೆಯ ಆಳವಾದ ಬೇರು ಇದೆ. ಅದು ಅಲ್ಲಿರಬೇಕಾಗಿದ್ದ ಭಾರವಾದ ವಸ್ತುವಿನ ಜಾಗವನ್ನು ಹಿಡಿದಿರುವುದರಿಂದ ಎಳೆತ ಕಡಿಮೆಯಾಗುತ್ತದೆ. ಹಿಮಾಲಯಕ್ಕೆ ಆಳವಾದ ಬೇರು ಇರುವುದು ಮುಂದೆ ಭೂಕಂಪದ ಅಲೆಗಳ ಅಧ್ಯಯನದಿಂದಲೂ ದೃಢಪಟ್ಟಿತು.

ಮಿತ್ರರೇ, ಪ್ರಯೋಗಶಾಲೆಯಲ್ಲಿ ನಿಮ್ಮ ಲೋಲಕದ ಲೆಕ್ಕ ಪುಸ್ತಕದ ಸಂಖ್ಯೆಗೆ ಹೊಂದದಿದ್ದಾಗ, ಅಳಿಸಿ ಪುಸ್ತಕದ್ದನ್ನೇ ಬರೆಯುವ ಆಸೆ ಬರುತ್ತದೆ. ಹಾಗೆ ಮಾಡಬೇಡಿ. ಇನ್ನೊಮ್ಮೆ ಅಳೆಯಿರಿ, ಆಗಲೂ ಹೊಂದದಿದ್ದರೆ ಕಂಡದ್ದನ್ನು ಕಂಡಂತೆ ಬರೆದು, ಕಾರಣವೇನೆಂದು ಗುರುಗಳನ್ನು ಕೇಳಿ. ಅಂದು ಆ 5 ಸೆಕೆಂಡುಗಳನ್ನು ಯಾರಾದರೂ ಅಳಿಸಿಬಿಟ್ಟಿದ್ದರೆ, ಪರ್ವತಕ್ಕೆ ಬೇರು ಉಂಟೆಂಬುದು ಇನ್ನೆಷ್ಟು ಕಾಲ ಗುಟ್ಟಾಗಿಯೇ ಉಳಿಯುತ್ತಿತ್ತೋ!