ಉಚಿತ, ಬಿಟ್ಟಿ ಅಲ್ಲ

ಮಸ್ಕಿಯಿಂದ ಮುದಗಲ್ಲಿಗೆ ಹೊರಟ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಸಂತೆಕಲ್ಲೂರಿಗೆ ಹೋಗುವ ಮುದುಕಿಯೊಬ್ಬಳು ಕೂತಿದ್ದಳು. ಕಾಲ ಸಂದಿಯಲ್ಲಿ ಕೈಚೀಲ, ಅದರ ಬಾಯಿಂದ ಹೊರಗೆ ಚಾಚಿದ ಪುಂಡಿಪಲ್ಯ. ಕಂಡಕ್ಟರ್ ಆಕೆಯ ಆಧಾರ್ ಕಾರ್ಡು ನೋಡಿ, ಮಷಿನ್ ಒತ್ತಿ, ಚೀಟಿ ಹರಿದು ಕೊಟ್ಟ. ದರದ ಜಾಗದಲ್ಲಿ ಸೊನ್ನೆ. ಮುದುಕಿ ಅದನ್ನು ನಾಲ್ಕು ಮಡಿಕೆ ಮಾಡಿ, ಎಲೆಅಡಿಕೆ ಸಂಚಿಯ ಒಳಖಾನೆಗೆ ಸೇರಿಸಿ, ದಾರ ಎಳೆದು ಬಿಗಿದಳು. ಪಕ್ಕದಲ್ಲಿ ನಿಂತಿದ್ದ ಹುಡುಗ ನಕ್ಕ. “ಬಿಟ್ಟಿ ಟಿಕೇಟಿಗೆ ಏನ್ ಜ್ವಾಕಿ ಮಾಡ್ತಿಯಬೇ!” ಆಕೆ ಸಿಟ್ಟಾಗಲಿಲ್ಲ. “ಬಿಟ್ಟಿ ಅಲ್ಲೋ ಯಪ್ಪಾ. ಕೊಟ್ಟಾರ, ತಗೊಂಡೀನಿ” ಅಂದಳು.

ಆ ಎರಡು ಮಾತು ನನ್ನನ್ನು ಬಿಡಲಿಲ್ಲ. ದೇವರ ಕೃಪೆಯ ಬಗ್ಗೆ ಎಷ್ಟೋ ಪ್ರಬೋಧನೆ ಕೇಳಿದ್ದೇನೆ. ಆದರೆ ಕೊಟ್ಟಾರ, ತಗೊಂಡೀನಿ ಅನ್ನುವಷ್ಟು ಚಿಕ್ಕದಾಗಿ ಅದನ್ನು ಯಾರೂ ಹೇಳಿರಲಿಲ್ಲ.

‘ಬಿಟ್ಟಿ’ ಹಳೆಯ ಮಾತು. ಸಂಸ್ಕೃತದ ‘ವಿಷ್ಟಿ’ ಕನ್ನಡಕ್ಕೆ ಬಂದು ಬಿಟ್ಟಿಯಾಯಿತು. ಅದರ ಅರ್ಥ ಕೂಲಿ ಕೊಡದೆ ದುಡಿಸಿಕೊಳ್ಳುವುದು. ಅರಸನ ಕೋಟೆಗೆ ಕಲ್ಲು ಹೊರು, ಗೌಡರ ಹೊಲ ಹರಗು, ಅಧಿಕಾರಿ ಬಂದರೆ ಸಾಮಾನು ಹೊತ್ತು ಮುಂದಿನ ಊರು ಮುಟ್ಟಿಸು. ಬಿಟ್ಟಿ ಚಾಕರಿ ಅಂದರೆ ಇದೇ. ಪಡೆದವನಿಗೆ ಅದು ಪುಕ್ಕಟೆ, ಮಾಡಿದವನಿಗೆ ಬೆನ್ನಮೇಲಿನ ಬಾಸುಂಡೆ. ‘ಜೀತ’ದ ಕತೆಯೂ ಹೀಗೇ. ಒಂದು ಕಾಲಕ್ಕೆ ಜೀತವೆಂದರೆ ಸಂಬಳವೇ ಆಗಿತ್ತು. ಆಮೇಲೆ ಸಂಬಳವಿಲ್ಲದ ದುಡಿಮೆಯ ಹೆಸರಾಯಿತು. 1976ರ ಕಾಯ್ದೆ ಜೀತಗಾರರನ್ನು ಬಿಡಿಸಿ ಅವರ ತಲೆಮೇಲಿದ್ದ ಸಾಲವನ್ನು ಅಳಿಸಿಹಾಕಿತು. ಮಾತು ಮಾತ್ರ ಉಳಿಯಿತು.

‘ಉಚಿತ’ದ ಹುಟ್ಟು ಬೇರೆ. ಅದರ ಮೂಲ ಅರ್ಥ ತಕ್ಕದ್ದು, ಒಪ್ಪುವಂಥದ್ದು. ಸಮಯೋಚಿತ, ನ್ಯಾಯೋಚಿತ, ಅನುಚಿತ ಅನ್ನುವಾಗ ನಾವು ಇನ್ನೂ ಆ ಅರ್ಥವನ್ನೇ ಬಳಸುತ್ತೇವೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವೇ ಕಾವ್ಯದ ಜೀವ ಎಂದು ಸಾಧಿಸಿದ. ಹಿಂದಿಯಲ್ಲಿ ಇವತ್ತಿಗೂ ನ್ಯಾಯಬೆಲೆ ಅಂಗಡಿಗೆ ‘ಉಚಿತ ಮೂಲ್ಯ ಕಿ ದುಕಾನ್’ ಎನ್ನುತ್ತಾರೆ; ಆ ಫಲಕವನ್ನು ನಮ್ಮವರು ಓದಿದರೆ ಅಲ್ಲಿ ಎಲ್ಲವೂ ಧರ್ಮಕ್ಕೆ ಸಿಗುತ್ತದೆ ಅಂದುಕೊಂಡಾರು. ಯಾಕೆಂದರೆ ಕನ್ನಡದಲ್ಲಿ, ನೆರೆಯ ತೆಲುಗಿನಲ್ಲಿಯೂ, ಉಚಿತವೆಂದರೆ ಕಾಸು ಕೊಡಬೇಕಿಲ್ಲದ್ದು. ಈ ತಿರುವು ಹೇಗಾಯಿತು? ನನಗೆ ತೋಚುವ ದಾರಿ ಇದು: ದೊಡ್ಡವರು ಯೋಗ್ಯತೆ ನೋಡಿ ಕೊಟ್ಟದ್ದು ಉಚಿತ; ಕೊಟ್ಟದ್ದಕ್ಕೆ ಬೆಲೆ ಕೇಳುವುದಿಲ್ಲ; ಹಾಗಾಗಿ ಬೆಲೆ ಕೇಳದೆ ಬಂದದ್ದೆಲ್ಲ ಉಚಿತ. ನಡುವೆ ಎಲ್ಲೋ ಯೋಗ್ಯತೆ ನೋಡುವ ಕೆಲಸ ಬಿದ್ದುಹೋಯಿತು, ಕೊಡುವುದಷ್ಟೇ ಉಳಿಯಿತು. ಯೋಗ್ಯತೆಯಿಂದ ಹೊರಟ ಮಾತು ಯೋಗ್ಯತೆ ಕೇಳದಿರುವಲ್ಲಿಗೆ ಬಂದು ನಿಂತಿದೆ. ಕ್ರೈಸ್ತ ನಂಬಿಕೆಯ ನಡುಗಂಬವೂ ಅಲ್ಲೇ ಇದೆ.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ವರ್ಷಗಟ್ಟಲೆ ಕೂತು ಬೈಬಲನ್ನು ಕನ್ನಡಕ್ಕೆ ತಂದರು. ಆಮೇಲೆ ಎಷ್ಟೋ ಕೈಗಳು ಅದನ್ನು ತಿದ್ದಿದವು. ಇವತ್ತು ನಮ್ಮ ಮನೆಗಳಲ್ಲಿರುವ ಕನ್ನಡ ಬೈಬಲಿನಲ್ಲಿ, ಪೌಲನು ರೋಮಿನವರಿಗೆ ಬರೆದ ಪತ್ರ ತೆರೆದರೆ, ‘ಉಚಿತಾರ್ಥ’ ಎಂಬ ಮಾತು ಕಾಣುತ್ತದೆ. ಆರನೆಯ ಅಧ್ಯಾಯದ ಕೊನೆಗೆ ಪೌಲನು ಎರಡು ಲೆಕ್ಕ ಇಡುತ್ತಾನೆ. ಪಾಪ ಕೊಡುವುದು ಸಂಬಳ, ದುಡಿದಷ್ಟಕ್ಕೆ ಸರಿಯಾಗಿ. ಆ ಸಂಬಳ ಸಾವು. ದೇವರು ಕೊಡುವುದಕ್ಕೆ ಸಂಬಳ ಎನ್ನಲು ಬರುವುದಿಲ್ಲ, ಅದು ವರ. ಆ ವರ ನಿತ್ಯಜೀವ. ‘ಸಂಬಳ’ದ ಮೂಲ ಅರ್ಥ ದಾರಿಯ ಬುತ್ತಿ ಎಂದು ತಿಳಿದ ದಿನ ನಾನು ಆ ವಾಕ್ಯವನ್ನು ಮತ್ತೆ ಓದಿದೆ. ಕಟ್ಟಿಕೊಂಡು ಹೊರಟ ಬುತ್ತಿಯೇ ನಂಜಾದರೆ, ದಾರಿಯಲ್ಲಿ ಯಾರೋ ಕರೆದು ಬಡಿಸಬೇಕು.

ಲ್ಯಾಟಿನ್ನಿನಲ್ಲಿ ಕೃಪೆಗೆ ‘ಗ್ರಾತಿಯ’, ಪುಕ್ಕಟೆಗೆ ‘ಗ್ರಾತಿಸ್’, ಎರಡೂ ಒಂದೇ ಬೇರಿನ ಚಿಗುರು. ನಮ್ಮಲ್ಲಿ ಕಥೋಲಿಕರು ಹೆಚ್ಚಾಗಿ ‘ವರಪ್ರಸಾದ’ ಎನ್ನುತ್ತಾರೆ, ಪ್ರಾಟೆಸ್ಟೆಂಟರು ‘ಕೃಪೆ’ ಎನ್ನುತ್ತಾರೆ. ಸಂತೆಕಲ್ಲೂರಿನ ಪಕ್ಕದ ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದ ಕಥೋಲಿಕರಿದ್ದಾರೆ. ಜಪಸರ ಹಿಡಿದು ಕೂತ ನಮ್ಮಜ್ಜಿ ಮಾತೆ ಮರಿಯಳನ್ನು ಕರೆಯುವಾಗ ಆ ‘ವರಪ್ರಸಾದ’ವನ್ನು ‘ವರಪರಸಾದ’ ಮಾಡಿಕೊಂಡಿದ್ದಳು. ತಿದ್ದಲು ಹೋದರೆ ಕೇಳುತ್ತಿರಲಿಲ್ಲ. ಪ್ರಸಾದಕ್ಕೆ ದರ ಕಟ್ಟುವುದಿಲ್ಲ, ಚಾಚಿದ ಕೈಗೆಲ್ಲ ಅದು ಬೀಳುತ್ತದೆ. ಇದು ಆಕೆಗೆ ಯಾವ ದೇವಶಾಸ್ತ್ರಿಯೂ ಹೇಳಿಕೊಡದೆ ತಿಳಿದಿತ್ತು. ಇದೇ ಕೃಪೆಯ ವಿಷಯದಲ್ಲಿ ಲೂಥರ್ 1517ರಲ್ಲಿ ಎತ್ತಿದ ಜಗಳಕ್ಕೆ ಯುರೋಪು ಇಬ್ಭಾಗವಾಯಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್ ನಗರದಲ್ಲಿ ಕಥೋಲಿಕರೂ ಲೂಥರನ್ನರೂ ಒಂದೇ ಕಾಗದಕ್ಕೆ ರುಜು ಹಾಕಿದರು: ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯೊಂದರಿಂದ, ನಮ್ಮ ಪುಣ್ಯದ ಗಳಿಕೆಯಿಂದ ಅಲ್ಲ. ಅಜ್ಜಿ ಆ ಕಾಗದ ನೋಡಿದವಳಲ್ಲ.

ಆದರೆ ಈ ಸೀಮೆ ಉಚಿತವನ್ನು ಸುಲಭಕ್ಕೆ ಒಪ್ಪುವ ಸೀಮೆಯಲ್ಲ. ಮಸ್ಕಿಯ ಬಂಡೆಯ ಮೇಲೆ, 1915ರಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ, ದೇವರಿಗೆ ಪ್ರಿಯನಾದ ಅಶೋಕ ಸಾರುವುದು ಇಷ್ಟು: ದೊಡ್ಡವರಿಗಷ್ಟೇ ಧರ್ಮದ ಗುರಿ ದಕ್ಕುತ್ತದೆ ಅಂದುಕೊಳ್ಳಬೇಡಿ, ಧರ್ಮದಲ್ಲಿ ನಿರತನಾದ ಸಣ್ಣವನಿಗೂ ದಕ್ಕುತ್ತದೆ. ಎಂಥ ಉದಾರ ಮಾತು! ಆದರೂ ಧರ್ಮದಲ್ಲಿ ನಿರತನಾಗಿರಬೇಕು ಅನ್ನುವ ಕರಾರು ಇದೆ. ಇತ್ತ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಗಂಡನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಆಯ್ದು ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಹಿಂತಿರುಗಿಸು ಎಂದಳು. ಲಕ್ಕಮ್ಮನ ಎದುರು ನಿಂತು ‘ಉಚಿತ’ ಎನ್ನಲು ನನಗೆ ಇವತ್ತಿಗೂ ನಾಲಿಗೆ ತಡವರಿಸುತ್ತದೆ.

ಹಾಗಿದ್ದರೂ ಪೌಲನನ್ನು ಆಕೆಯ ಮನೆಯಂಗಳಕ್ಕೆ ಕರೆತರಬಹುದು ಅನ್ನಿಸುತ್ತದೆ. ಪೌಲ ಡೇರೆ ಹೊಲಿಯುವವನು. ಊರೂರು ತಿರುಗಿ ಸುವಾರ್ತೆ ಸಾರಿದವನು ಯಾರಿಗೂ ಭಾರವಾಗಬಾರದೆಂದು ಸೂಜಿ ಹಿಡಿದು ದುಡಿದು ಉಂಡ. ಕೆಲಸ ಮಾಡಲೊಲ್ಲದವನು ಊಟವನ್ನೂ ಮಾಡದಿರಲಿ ಎಂದು ಥೆಸಲೋನಿಕದವರಿಗೆ ಬರೆದ ಕೈಯೇ ರಕ್ಷಣೆ ಉಚಿತ ಎಂದು ಬರೆದಿದ್ದು. ರೊಟ್ಟಿಗೆ ದುಡಿಮೆ ಬೇಕು, ಜೀವ ಮಾತ್ರ ದುಡಿಮೆಯಿಂದ ಬಂದದ್ದಲ್ಲ. ಹಸುಗೂಸು ಯಾವ ಕೂಲಿ ಮಾಡಿ ಉಸಿರು ಪಡೆಯಿತು? ಮರುಭೂಮಿಯಲ್ಲಿ ಇಸ್ರಾಯೇಲರಿಗೆ ಆಕಾಶದಿಂದ ಬಿದ್ದ ಮನ್ನವನ್ನೂ ನೆನೆಯಿರಿ. ಅದನ್ನು ಬೆಳೆದವರಿಲ್ಲ, ಆಯ್ದವರಷ್ಟೇ ಇದ್ದರು. ಆಸೆಬಿದ್ದು ನಾಳೆಗೆಂದು ಕೂಡಿಟ್ಟವರದು ಬೆಳಗಾಗುವಷ್ಟರಲ್ಲಿ ಹುಳ ಬಿತ್ತು. ಲಕ್ಕಮ್ಮ ಕಂಡಿದ್ದು ಆ ಹುಳವನ್ನೇ. ಆಕೆ ಬೇಡವೆಂದದ್ದು ಅತಿಯಾಸೆಗೆ, ಕೊಟ್ಟವನಿಗಲ್ಲ.

ನಮಗೆ ಉಚಿತ ಕಷ್ಟವಾಗುವುದಕ್ಕೆ ಇನ್ನೊಂದು ಕಾರಣ ಮದುವೆ ಮನೆಯಲ್ಲಿ ಸಿಗುತ್ತದೆ. ಹಂದರದ ಮೂಲೆಯಲ್ಲಿ ಒಬ್ಬ ಉದ್ದನೆ ವಹಿ ಬಿಚ್ಚಿ ಕೂತಿರುತ್ತಾನೆ. ಆಯೇರ ಬರೆಯುವವ. ಇಂಥವರು ನೂರಾ ಒಂದು, ಇಂಥವರು ಸ್ಟೀಲಿನ ಕೊಡ, ಇಂಥವರು ಸೀರೆ ಮತ್ತು ಕುಪ್ಪಸ. ಹತ್ತು ವರ್ಷದ ಮೇಲೆ ಅವರ ಮಗಳ ಮದುವೆಗೆ ಹೋಗುವ ಮುನ್ನ ಆ ವಹಿ ಟ್ರಂಕಿನಿಂದ ಹೊರಬರುತ್ತದೆ. ಮುಯ್ಯಿ ತೀರಿಸಬೇಕು. ನಾನಿದನ್ನು ಕೀಳುಮಾಡುತ್ತಿಲ್ಲ, ಬಡವರ ಮದುವೆಗಳು ನಡೆದದ್ದೇ ಆ ವಹಿಯಿಂದ. ಆದರೆ ಅದೇ ವಹಿಯನ್ನು ಹಿಡಿದು ನಾವು ದೇವರ ಹತ್ತಿರವೂ ಹೋಗುತ್ತೇವೆ. ಇಷ್ಟು ಉಪವಾಸ, ಇಷ್ಟು ಮೇಣದಬತ್ತಿ, ಇಷ್ಟು ದಶಮಾಂಶ. ಇನ್ನು ನಿನ್ನ ಮುಯ್ಯಿ. ಹಂಗಿಗೆ ಹೆದರುವ ಜನ ನಾವು. ತಿರುಗಿ ಕೊಡಲಾಗದ್ದನ್ನು ಕೈಚಾಚಿ ತೆಗೆದುಕೊಳ್ಳುವುದು ನಮಗೆ ದಾನ ಕೊಡುವುದಕ್ಕಿಂತ ಕಷ್ಟ. ಸುವಾರ್ತೆ ಹೇಳುವುದು, ಆ ವಹಿಯಲ್ಲಿ ನಿನ್ನ ಹೆಸರಿನ ಮುಂದಿದ್ದ ಬಾಕಿಯ ಮೇಲೆ ಗೀಟು ಎಳೆದಾಗಿದೆ ಎಂದು.

ಗೀಟು ಎಳೆದವನಿಗೆ ಅದು ಪುಕ್ಕಟೆಯಾಗಿರಲಿಲ್ಲ. ಶಿಲುಬೆಯ ಮಾತು ಬರುವುದು ಇಲ್ಲಿ. ಜರ್ಮನಿಯ ಪಾದ್ರಿ ಡೀಟ್ರಿಶ್ ಬೋನ್‌ಹಾಫರ್ 1937ರ ತಮ್ಮ ಪುಸ್ತಕದಲ್ಲಿ ‘ಅಗ್ಗದ ಕೃಪೆ’ಯ ಮೇಲೆ ಹರಿಹಾಯ್ದರು. ಕೃಪೆಯನ್ನು ಸಂತೆಯ ಸರಕಿನಂತೆ ಸುರಿದು ಮಾರುವುದು, ಬದುಕು ಬದಲಾಗದೆಯೇ ಕ್ಷಮೆ ಹಂಚುವುದು ಅವರಿಗೆ ಸಹಿಸಲಾಗಲಿಲ್ಲ. ಕೃಪೆ ಉಚಿತ, ಅಗ್ಗವಲ್ಲ ಎಂದರು. ಹಿಟ್ಲರನ ಆಳ್ವಿಕೆ 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿತು. ಆ ಮಾತಿನಂತೆ ಬದುಕಿದ್ದಕ್ಕೆ ಅವರು ತೆತ್ತದ್ದು ಅಷ್ಟು.

ಮುದುಕಿಯ ಚೀಟಿಗೆ ಮರಳುತ್ತೇನೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ಆ ಸೊನ್ನೆ ಚೀಟಿಯ ಹಿಂದೆಯೂ ಒಂದು ದರ ಇದೆ. ಸರಕಾರ ಅದನ್ನು ಸಾರಿಗೆ ನಿಗಮಕ್ಕೆ ತುಂಬಿಕೊಡುತ್ತದೆ. ಸರಕಾರದ ಯೋಜನೆಯನ್ನು ದೇವರ ಕೃಪೆಯ ಸಮಕ್ಕೆ ನಾನು ನಿಲ್ಲಿಸುವುದಿಲ್ಲ. ಅಲ್ಲಿ ತೆರಿಗೆ ಇದೆ, ಮತ ಇದೆ, ಆ ಮುದುಕಿಯ ಹಕ್ಕೂ ಇದೆ. ಆದರೆ ಚೀಟಿಯನ್ನು ಆಕೆ ಹಿಡಿದ ರೀತಿ, ಬೆಲೆಯಿಲ್ಲದ್ದನ್ನು ಬೆಲೆಯುಳ್ಳದ್ದರಂತೆ ಮಡಿಚಿ ಇಟ್ಟ ರೀತಿ, ಪರಮಪ್ರಸಾದಕ್ಕೆ ಕೈ ಚಾಚುವ ನಮಗೆ ಬರಬೇಕು. ಸಂತೆಯ ಹೆಸರು ಹೊತ್ತ ಊರಿನಲ್ಲಿ ಆಕೆ ಇಳಿದಳು. ಹುಡುಗನೇ ಚೀಲ ಇಳಿಸಿಕೊಟ್ಟ.

ಓದುಗರಲ್ಲಿ ನನ್ನದೊಂದು ಕೇಳಿಕೆ. ಬಸ್ಸಿನಲ್ಲಾಗಲಿ, ರೇಷನ್ ಅಂಗಡಿಯ ಮುಂದಾಗಲಿ, ಪಡೆದವರನ್ನು ನೋಡಿ ‘ಬಿಟ್ಟಿ’ ಎನ್ನಬೇಡಿ. ಆ ಮಾತು ಕೂಲಿಯಿಲ್ಲದೆ ಕಲ್ಲು ಹೊತ್ತವರದು. ಅದನ್ನು ಅವರ ಮೊಮ್ಮಕ್ಕಳ ಮೇಲೆ ಎಸೆಯಬೇಡಿ.