ಕೆಮ್ಮಿನ ಸಿರಪ್ಪು ಕೊಟ್ಟು ಕಳಿಸಿದವರ ಲೆಕ್ಕ

ಅಮ್ಮನ ಮೈಯುರಿಗೆ ಕಾರಣ ಹುಡುಕಿಕೊಂಡು ನಾವು ಬೆಂಗಳೂರಿಗೆ ಹೋದದ್ದು ಅಪ್ಪ ತೀರಿಕೊಂಡ ಒಂಬತ್ತನೇ ತಿಂಗಳಿಗೆ. ಉಳಿದುಕೊಂಡದ್ದು ಬೆನ್ಸನ್ ಟೌನಿನಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಕಂಟೋನ್ಮೆಂಟ್ ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಬಡಾವಣೆ ಅದು. ಹಳೇ ಬಂಗಲೆಗಳು, ಅವುಗಳ ನಡುವೆ ಎದ್ದು ನಿಂತ ಅಪಾರ್ಟ್‌ಮೆಂಟುಗಳು, ಮರದ ನೆರಳು. ಚಿಕ್ಕಮ್ಮ ಅಂಥದೊಂದು ಬಂಗಲೆಯಲ್ಲಿ ಅಡುಗೆ ಕೆಲಸಕ್ಕಿದ್ದಾರೆ, ಹಿಂದಿನ ಎರಡು ಕೋಣೆ ಅವರದು.

ಹದಿನೈದು ದಿನದಲ್ಲಿ ಎದೆಯ ಎಕ್ಸ್-ರೇ, ಹೊಟ್ಟೆಯ ಸ್ಕ್ಯಾನಿಂಗು, ಥೈರಾಯ್ಡು, ಇಸಿಜಿ ಎಲ್ಲ ಆಯಿತು. ಶುಗರ್ ಸ್ವಲ್ಪ ಜಾಸ್ತಿ ಅನ್ನುವುದು ಬಿಟ್ಟರೆ ರಿಪೋರ್ಟಿನಲ್ಲಿ ಏನೂ ಇಲ್ಲ. "ಏನೂ ಇಲ್ಲಮ್ಮ, ಟಾನಿಕ್ ಬರ್ಕೊಡ್ತೀನಿ" ಅಂದರು ಒಬ್ಬ ಡಾಕ್ಟರು. ಅಮ್ಮ ಹೊರಗೆ ಬಂದು ಬೆಂಚಿನ ಮೇಲೆ ಕೂತು, "ಏನೂ ಇಲ್ದೆ ಇಷ್ಟು ಉರೀತದೇನಪ್ಪ?" ಅಂದರು. ಆ ಮಾತಿಗೆ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ ಹಳೇ ಕಥೆ ಇದು. ಬಹುಪಾಲು ನಮ್ಮ ತುಮಕೂರು ಜಿಲ್ಲೆಯದೇ ಕಥೆ. ಪತ್ರಿಕೋದ್ಯಮ ಓದಿ ಹತ್ತು ವರ್ಷ ಇದೇ ಜಿಲ್ಲೆಯಲ್ಲಿ ಸುದ್ದಿ ಬರೆದ ನನಗೂ ಇದು ಗೊತ್ತಿರಲಿಲ್ಲ.

ಬೆನ್ಸನ್ ಟೌನಿನಿಂದ ಜಯಮಹಲ್ ರಸ್ತೆಗೆ ಬಂದು, ಅರಮನೆ ಮೈದಾನ ಬಳಸಿಕೊಂಡು ಆಚೆ ಬದಿಗೆ ಹೋದರೆ ಬಳ್ಳಾರಿ ರಸ್ತೆ. ಅಲ್ಲಿ 'ಅವಲಾನ್' ಎಂಬ ಹೆಸರಿನ ಆವರಣದಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 1959ರಲ್ಲಿ ಶುರುವಾದದ್ದು. 1960ರ ಸೆಪ್ಟೆಂಬರಿನಲ್ಲಿ ಪ್ರಧಾನಿ ನೆಹರೂ ಬಂದು ಉದ್ಘಾಟಿಸಿದರು. ಆಗ ಕ್ಷಯ ಅಂದರೆ ಜನ ಹೆಸರು ಹೇಳಲೂ ಅಂಜುತ್ತಿದ್ದ ಕಾಲ. ನಮ್ಮ ಅಜ್ಜಿಯ ಅಣ್ಣನಿಗೆ ಅದು ಬಂದಿತ್ತಂತೆ. ಹಿತ್ತಲ ಕೊಟ್ಟಿಗೆಯಲ್ಲಿ ಹಾಸಿಗೆ, ಬೇರೆ ತಟ್ಟೆ, ಬೇರೆ ಚೊಂಬು. "ಕೆಮ್ಮಿಗಿಂತ ಮುಂಚೆ ಮಾತು ನಿಲ್ತು" ಅಂತ ಅಜ್ಜಿ ಹೇಳುತ್ತಿದ್ದರು.

ಹೊಸ ಸಂಸ್ಥೆಯವರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ತುಮಕೂರು ಜಿಲ್ಲೆಯಲ್ಲಿ ಕ್ಷಯದ ಸಮೀಕ್ಷೆ. 1960-61ರಲ್ಲಿ ಹಳ್ಳಿ ಹಳ್ಳಿಗೆ ಎಕ್ಸ್-ರೇ ಯಂತ್ರ ಒಯ್ದು, ಕಫ ತೆಗೆದು ಪರೀಕ್ಷೆ ಮಾಡಿದರು. ಎಷ್ಟು ಜನಕ್ಕೆ ಕಾಯಿಲೆ ಇದೆ ಅನ್ನುವ ಲೆಕ್ಕ ಅದರಿಂದ ಸಿಕ್ಕಿತು. ಅಷ್ಟಕ್ಕೇ ಬಿಟ್ಟಿದ್ದರೆ ಅದೊಂದು ಸರ್ಕಾರಿ ವರದಿಯಾಗಿ ಕಪಾಟು ಸೇರುತ್ತಿತ್ತು. ಆದರೆ ಆ ಸಂಸ್ಥೆಯಲ್ಲಿ ದೇಬಬರ್ ಬ್ಯಾನರ್ಜಿ ಎಂಬ ಡಾಕ್ಟರಿದ್ದರು, ಸಮಾಜಶಾಸ್ತ್ರದ ಕಣ್ಣಿದ್ದವರು. ಅವರೂ ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದಿದ್ದ ಸ್ಟಿಗ್ ಆಂಡರ್ಸನ್ನರೂ ಇನ್ನೊಂದು ಪ್ರಶ್ನೆ ಎತ್ತಿಕೊಂಡರು: ಕಾಯಿಲೆ ಇರುವ ಮನುಷ್ಯನಿಗೆ ತನ್ನೊಳಗೆ ಏನೋ ಆಗಿದೆ ಅಂತ ಅನ್ನಿಸುತ್ತದೆಯೇ? ಅನ್ನಿಸಿದರೆ ಅವನು ಏನು ಮಾಡುತ್ತಾನೆ?

ಆಗಿನ ದೊಡ್ಡವರ ನಂಬಿಕೆ ಏನೆಂದರೆ, ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ರಕ್ತ ಕಾರುವ ತನಕ ಕಾಯಿಲೆ ಅಂತ ಒಪ್ಪುವುದಿಲ್ಲ, ವ್ಯಾನು ಕಳಿಸಿ ಹಿಡಿದು ತರಬೇಕು. ಈ ಮಾತು ಇವತ್ತೂ ಕೆಲವು ಮೀಟಿಂಗುಗಳಲ್ಲಿ ಕೇಳುತ್ತೇನೆ.

ತುಮಕೂರಿನ ಹಳ್ಳಿಗಳಲ್ಲಿ ಮನೆಗೆ ಹೋಗಿ ಕೂತು ಕೇಳಿದಾಗ ಸಿಕ್ಕಿದ್ದು ಪೂರಾ ಉಲ್ಟಾ. ಕಫದಲ್ಲಿ ರೋಗಾಣು ಇದ್ದವರಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲ ಅಂತ ಗೊತ್ತಿತ್ತು. ಸುಮಾರು ಮುಕ್ಕಾಲು ಪಾಲು ಜನ ಅದರ ಬಗ್ಗೆ ಚಿಂತೆ ಮಾಡುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು! ಅಲ್ಲಿ ಬಹಳಷ್ಟು ಜನರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಕಫ ಪರೀಕ್ಷೆ ಇಲ್ಲ, ಎಷ್ಟು ದಿನದಿಂದ ಅಂತ ಕೇಳಿದವರಿಲ್ಲ.

1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ನನಗೆ ಇದರಲ್ಲಿ ದೊಡ್ಡದಾಗಿ ಕಂಡದ್ದು ಅವರು 'ಚಿಂತೆ'ಯನ್ನೂ ಲೆಕ್ಕಕ್ಕೆ ಹಿಡಿದದ್ದು. ಕೆಮ್ಮು, ಜ್ವರ, ಎದೆನೋವಿನ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ, ಇದು ಮನುಷ್ಯನ ಮನಸ್ಸನ್ನು ಎಷ್ಟು ಕಾಡುತ್ತಿದೆ ಅಂತ ಬರೆದುಕೊಂಡರು. ಆಸ್ಪತ್ರೆ ಬಾಗಿಲಿಗೆ ಜನರನ್ನು ನಡೆಸಿಕೊಂಡು ಬರುವುದು ಆ ಕಾಡುವಿಕೆಯೇ ಅಂತ ಅವರಿಗೆ ಹೊಳೆಯಿತು. ಬರುವವರನ್ನು ಬಂದ ಕಡೆಯೇ ಪರೀಕ್ಷೆ ಮಾಡಿ, ಅಲ್ಲೇ ಮಾತ್ರೆ ಕೊಡಿ ಅನ್ನುವ ತತ್ವ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ಬೆನ್ನೆಲುಬಾದದ್ದು ಹೀಗೆ. ಇವತ್ತು ನಿಮ್ಮ ಪಿ.ಎಚ್.ಸಿ.ಯಲ್ಲಿ ಕಫದ ಡಬ್ಬಿ ಕೊಡುತ್ತಾರಲ್ಲ, ಅದರ ಹಿಂದೆ ನಮ್ಮ ಜಿಲ್ಲೆಯ, ಹೆಸರು ಎಲ್ಲೂ ಬರೆಯದ, ನೂರಾರು ಜನರ ಮಾತಿದೆ.

ಅದೇ ಸಂಸ್ಥೆ 1961ರಿಂದ 68ರ ತನಕ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೊಂದು ಅಧ್ಯಯನ ಮಾಡಿತು. ಐದು ವರ್ಷದಲ್ಲಿ ರೋಗಿಗಳಲ್ಲಿ ಸುಮಾರು ಅರ್ಧ ಜನ ತೀರಿಕೊಂಡಿದ್ದರು, ಮೂರರಲ್ಲಿ ಒಂದು ಪಾಲು ತಾನಾಗಿ ಗುಣವಾಗಿದ್ದರು, ಉಳಿದವರ ಕಫದಲ್ಲಿ ರೋಗಾಣು ಹಾಗೇ ಇತ್ತು. ಈ ಲೆಕ್ಕವನ್ನು ಪ್ರಪಂಚದ ಪಠ್ಯಪುಸ್ತಕಗಳು ಈಗಲೂ ಬಳಸುತ್ತವೆ. ಓದುವಾಗ ಅಜ್ಜಿಯ ಅಣ್ಣ ಯಾವ ಸಾಲಿನಲ್ಲಿದ್ದರು ಅಂತ ನನಗೆ ಗೊತ್ತಿತ್ತು.

ಕ್ಷಯಕ್ಕೂ ಮನಸ್ಸಿಗೂ ಇನ್ನೊಂದು ವಿಚಿತ್ರ ನಂಟಿದೆ. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಎಂಬ ಕ್ಷಯದ ಆಸ್ಪತ್ರೆಯಲ್ಲಿ ಐಸೋನಿಯಾಜಿಡ್, ಇಪ್ರೋನಿಯಾಜಿಡ್ ಅನ್ನುವ ಎರಡು ಹೊಸ ಮಾತ್ರೆಗಳನ್ನು ಕೊಟ್ಟು ನೋಡಿದರು. ಸಾಯಲು ಬಿದ್ದಿದ್ದವರು ಎದ್ದು ಕೂತರು. ಅದರಲ್ಲೂ ಇಪ್ರೋನಿಯಾಜಿಡ್ ತೆಗೆದುಕೊಂಡವರಿಗೆ ಶ್ವಾಸಕೋಶ ಸುಧಾರಿಸಿದ್ದಕ್ಕಿಂತ ಹೆಚ್ಚಿನ ಗೆಲುವು ಬಂತು. ವಾರ್ಡಿನಲ್ಲಿ ರೋಗಿಗಳು ಕುಣಿಯುವ ಫೋಟೋಗಳು ಪತ್ರಿಕೆಯಲ್ಲಿ ಬಂದವು. ಐದು ವರ್ಷದ ನಂತರ ನೇಥನ್ ಕ್ಲೈನ್ ಎಂಬ ಮನೋವೈದ್ಯರು ಅದನ್ನೇ ಖಿನ್ನತೆ ಇದ್ದವರಿಗೆ ಕೊಟ್ಟು ಫಲ ಕಂಡರು. ಖಿನ್ನತೆಯ ಮೊದಲ ಮಾತ್ರೆಗಳಲ್ಲಿ ಒಂದು ಹುಟ್ಟಿದ್ದು ಕ್ಷಯದ ವಾರ್ಡಿನಲ್ಲಿ. ಲಿವರಿಗೆ ತೊಂದರೆ ಅಂತ ಮುಂದೆ ಅದನ್ನು ಕೈಬಿಟ್ಟರು. ಐಸೋನಿಯಾಜಿಡ್ ಮಾತ್ರ ಇವತ್ತಿಗೂ ಕ್ಷಯಕ್ಕೆ ಕೊಡುವ ಮುಖ್ಯ ಮಾತ್ರೆ.

ಉಲ್ಟಾ ಹೊಡೆಯುವುದೂ ಉಂಟು. ಸಾಮಾನ್ಯ ಮಾತ್ರೆಗೆ ಬಗ್ಗದ ಕ್ಷಯಕ್ಕೆ ಕೊಡುವ ಸೈಕ್ಲೋಸೆರಿನ್ ಎಂಬ ಔಷಧಿ ಕೆಲವರಲ್ಲಿ ವಿಪರೀತ ಬೇಸರ, ಭ್ರಮೆ, ಸಾಯುವ ಯೋಚನೆ ತರಬಹುದು. ನಿಮ್ಮ ಮನೆಯಲ್ಲಿ ಯಾರಾದರೂ ಅದನ್ನು ತೆಗೆದುಕೊಳ್ಳುತ್ತಿದ್ದು ನಡವಳಿಕೆ ಬದಲಾದರೆ, ಮಾತ್ರೆ ತಾವಾಗಿ ನಿಲ್ಲಿಸದೆ ಅವತ್ತೇ ಡಾಕ್ಟರಿಗೆ ತಿಳಿಸಿ. ದೆವ್ವ ಹಿಡಿದಿದೆ ಅಂತ ಕೂತವರನ್ನು ನಾನು ಕಂಡಿದ್ದೇನೆ.

ಬೆಂಗಳೂರಿನಲ್ಲಿ ಮೈಗೆ ಒಂದು ಬಾಗಿಲು, ಮನಸ್ಸಿಗೆ ಇನ್ನೊಂದು ಬಾಗಿಲು ಮಾಡಿದ್ದು ಬ್ರಿಟಿಷರ ಕಾಲ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಮೈಗೆ. 1840ರ ದಶಕದಲ್ಲಿ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ಡಾಕ್ಟರು ಶುರು ಮಾಡಿದ ಹುಚ್ಚಾಸ್ಪತ್ರೆ ಮನಸ್ಸಿಗೆ. ಅದಕ್ಕೆ 1925ರಲ್ಲಿ ಮಾನಸಿಕ ಆಸ್ಪತ್ರೆ ಅಂತ ಹೆಸರಾಯಿತು, ಮುಂದೆ ಹೊಸೂರು ರಸ್ತೆಗೆ ಹೋಯಿತು, 1974ರಲ್ಲಿ ನಿಮ್ಹಾನ್ಸ್ ಆಯಿತು. ಎರಡು ಬಾಗಿಲಿನ ನಡುವೆ ಸಿಕ್ಕಿಕೊಳ್ಳುವವರು ನಮ್ಮ ಅಮ್ಮನಂಥವರು.

ಆ ಗೋಡೆ ಒಡೆಯುವ ಕೆಲಸವೂ ನಿಮ್ಹಾನ್ಸಿನವರಿಂದಲೇ ಆಯಿತು. 1975ರಲ್ಲಿ ಸಮುದಾಯ ಮನೋವೈದ್ಯ ಘಟಕ ಮಾಡಿ ಆನೇಕಲ್ ಕಡೆಯ ಸಕಲವಾರದಲ್ಲಿ ಹಳ್ಳಿ ಕೆಲಸ ಆರಂಭಿಸಿದರು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ, ಸುಮಾರು 20 ಲಕ್ಷ ಜನರ ನಡುವೆ, ಪಿ.ಎಚ್.ಸಿ. ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗೂ ಅಲ್ಲೇ ಔಷಧಿ ಸಿಗುವಂತೆ ಮಾಡಿದರು. 1996ರಲ್ಲಿ ದೇಶಕ್ಕೆ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಇನ್ನು ಅಮ್ಮನ ಪ್ರಶ್ನೆಗೆ ಬರುತ್ತೇನೆ. 1990ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ 15 ಊರುಗಳಲ್ಲಿ ಸಾಮಾನ್ಯ ಆಸ್ಪತ್ರೆಗೆ ಬರುವವರ ಅಧ್ಯಯನ ಮಾಡಿತು. ಬೆಂಗಳೂರೂ ಅದರಲ್ಲಿ ಒಂದು. ಖಿನ್ನತೆ ಇದ್ದ 1146 ಜನರಲ್ಲಿ 100ಕ್ಕೆ 69 ಜನ ಡಾಕ್ಟರ ಹತ್ತಿರ ಹೇಳಿಕೊಂಡದ್ದು ಬರೀ ಮೈಯ ತೊಂದರೆ. ಊರಿಂದ ಊರಿಗೆ ಈ ಪಾಲು ಬಹಳ ಹೆಚ್ಚು ಕಡಿಮೆ ಇತ್ತು, ಆದರೆ ಇದು ಎಲ್ಲ ಊರುಗಳಲ್ಲೂ ಕಂಡದ್ದು. 'ಹಳ್ಳಿ ಹೆಂಗಸರಿಗೆ ಮನಸ್ಸಿನ ಮಾತು ಬರಲ್ಲ' ಅನ್ನುವವರಿಗೆ ಈ ಲೆಕ್ಕ ತೋರಿಸಬೇಕು.

ಯಾಕೆ ಹಾಗೆ ಅನ್ನುವುದಕ್ಕೆ ನಿಮ್ಹಾನ್ಸಿನ ಆರ್. ರಘುರಾಮ್ ಮತ್ತು ಜೊತೆಗಾರರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಉತ್ತರ ಕೊಡುತ್ತದೆ. ರೋಗಿಗಳು ಬೇಸರ, ದುಃಖ ಅನ್ನುವುದನ್ನು ಕಳಂಕದ ಮಾತು ಅಂತ ಕಾಣುತ್ತಿದ್ದರು. ಹೇಳಿದರೆ ಮರ್ಯಾದೆ ಹೋಗುತ್ತದೆ, ಮದುವೆ ಸಂಬಂಧ ತಪ್ಪುತ್ತದೆ. ಮೈ ನೋವಿಗೆ ಆ ಭಯವಿಲ್ಲ, ಅದು ಎಲ್ಲರಿಗೂ ಬರುವಂಥದ್ದು. ಹಾಗಂತ ಮೈಯುರಿ ಸುಳ್ಳು ಅಂತ ತಿಳಿಯಬೇಡಿ. ಉರಿ ನಿಜವಾಗಿಯೂ ಇರುತ್ತದೆ, ಎಕ್ಸ್-ರೇಯಲ್ಲಿ ಕಾಣುವುದಿಲ್ಲ ಅಷ್ಟೆ.

ಶುಗರಿನ ವಿಷಯಕ್ಕೂ ಇದು ತಾಗುತ್ತದೆ. ಬೆಂಗಳೂರು ಸೇರಿ ನಾಲ್ಕು ಊರುಗಳಲ್ಲಿ, ಶುಗರ್ ಮತ್ತು ಖಿನ್ನತೆ ಎರಡೂ ಇದ್ದ 404 ಜನರ ಮೇಲೆ ನಡೆದ ಪ್ರಯೋಗದ ಫಲ 2020ರಲ್ಲಿ ಬಂತು. ಎರಡನ್ನೂ ಒಟ್ಟಿಗೆ ನೋಡಿಕೊಂಡ ಗುಂಪಿನಲ್ಲಿ, ಎರಡು ವರ್ಷದ ನಂತರ, 100ಕ್ಕೆ ಸುಮಾರು 72 ಜನರಿಗೆ ಖಿನ್ನತೆ ಅರ್ಧಕ್ಕಾದರೂ ಇಳಿದು, ಜೊತೆಗೆ ಶುಗರ್, ಬಿ.ಪಿ., ಕೊಬ್ಬು ಇವುಗಳಲ್ಲಿ ಒಂದಾದರೂ ಸುಧಾರಿಸಿತ್ತು. ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 57 ಜನರಿಗೆ. ಅಲ್ಲಿ ಹೆಚ್ಚುವರಿಯಾಗಿ ಇದ್ದದ್ದು ಮುಖ್ಯವಾಗಿ, ಆಗಾಗ ವಿಚಾರಿಸಿಕೊಂಡು ಲೆಕ್ಕ ಇಟ್ಟು ಡಾಕ್ಟರಿಗೆ ತಿಳಿಸುವ ಒಬ್ಬರು. ರಾಮನಗರ ಜಿಲ್ಲೆಯ ಪಿ.ಎಚ್.ಸಿ.ಗಳಲ್ಲೂ ಸೇಂಟ್ ಜಾನ್ಸ್ ಸಂಸ್ಥೆಯವರು ಇಂಥದೇ ಕೆಲಸ ಮಾಡಿದ್ದಾರೆ.

ನಾವು ಬೆನ್ಸನ್ ಟೌನಿನಿಂದ ಫೈಲು ಹೊತ್ತು ವಾಪಸು ಬಂದೆವು. ತಿಂಗಳಾದ ಮೇಲೆ ಶುಗರ್ ಮಾತ್ರೆಗೆ ನಮ್ಮ ಪಿ.ಎಚ್.ಸಿ.ಗೆ ಹೋದಾಗ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಫೈಲು ಪಕ್ಕಕ್ಕಿಟ್ಟು, "ನಿದ್ದೆ ಬರ್ತದೇನಮ್ಮ?" ಅಂತ ಕೇಳಿದರು. ಅಮ್ಮ ಉತ್ತರ ಕೊಡಲಿಲ್ಲ, ಅಳುವುದಕ್ಕೆ ಶುರು ಮಾಡಿದರು. ಹತ್ತು ತಿಂಗಳಲ್ಲಿ ನಾನೂ ಕೇಳಿರದ ಪ್ರಶ್ನೆ ಅದು. ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ನೋಡಿ ಕಳಿಸಿದರು. ಅಷ್ಟು ದೂರ ಹೋಗಲಾಗದವರು 14416ಕ್ಕೆ ಫೋನ್ ಮಾಡಬಹುದು, ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಉರಿ ಕಮ್ಮಿ ಇದೆ. ಶುಗರಿನ ಮಾತ್ರೆ, ಇನ್ನೊಂದು ಮಾತ್ರೆ ಎರಡೂ ಒಂದೇ ಹಾರ್ಲಿಕ್ಸ್ ಡಬ್ಬಿಯಲ್ಲಿವೆ. ಪಕ್ಕದ ಮನೆಯವರು ಕೇಳಿದರೆ ಅಮ್ಮ ಎರಡೂ ಶುಗರಿಂದೇ ಅನ್ನುತ್ತಾರೆ. ಇದನ್ನು ಬರೆಯಲಾ ಅಂತ ಕೇಳಿದ್ದಕ್ಕೆ, "ಬರಿ, ನನ್ ಹೆಸ್ರು ಮಾತ್ರ ಹಾಕ್ಬೇಡ ಕಣಪ್ಪ" ಅಂದರು.