ಹಳದಿ ಫಲಕದ ಅಂಗಡಿಗಳು

ದೂರವಾಣಿಯ ಇತಿಹಾಸ ಬರೆಯುವವರು ಯಂತ್ರಗಳನ್ನೂ ಮಂತ್ರಿಗಳನ್ನೂ ನೆನೆಯುತ್ತಾರೆ, ಎಸ್.ಟಿ.ಡಿ. ಬೂತಿನವನನ್ನು ನೆನೆಯುವವರು ವಿರಳ. ಊರೂರನ್ನು ಹೊರಲೋಕಕ್ಕೆ ಜೋಡಿಸಿದ ಆ ಸಣ್ಣ ವ್ಯಾಪಾರಿ ಹೇಗೆ ತಲೆಯೆತ್ತಿದ, ಏಕೆ ಮರೆಯಾದ ಎಂಬುದನ್ನು ನನ್ನ ವಿದ್ಯಾರ್ಥಿಮಿತ್ರರಿಗೂ ಬಂಧುಗಳಿಗೂ ತಿಳಿಸಬೇಕೆನಿಸಿ ಈ ಲೇಖನ.

ನಾನು ಅಧ್ಯಾಪಕ ವೃತ್ತಿಗೆ ಸೇರಿದ ಎಂಬತ್ತರ ದಶಕದಲ್ಲಿ ಪರಸ್ಥಳಕ್ಕೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿತ್ತು. ಲಖನೌ–ಕಾನ್ಪುರ ನಡುವೆ ನೇರ ಡಯಲಿಂಗ್ 1960ರಲ್ಲೇ ಬಂದಿದ್ದರೂ ಸಣ್ಣ ಊರುಗಳಿಗೆ ಅದು ಕನಸಾಗಿತ್ತು. 1984ರಲ್ಲಿ ಸಿ-ಡಾಟ್ ಸಂಸ್ಥೆ ಸ್ಥಾಪನೆಯಾಯಿತು. ಸ್ಯಾಮ್ ಪಿತ್ರೋಡಾ ಅದರ ಪ್ರೇರಕಶಕ್ತಿ. ನಮ್ಮ ಧೂಳು, ಸೆಕೆಗಳನ್ನು ತಾಳಿಕೊಳ್ಳುವ, ಹವಾನಿಯಂತ್ರಣ ಬೇಡದ ಪುಟ್ಟ ಎಕ್ಸ್‌ಚೇಂಜನ್ನು ಅಲ್ಲಿನ ಎಂಜಿನಿಯರುಗಳು ರೂಪಿಸಿದರು. ಅದು 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ.

ಮನೆಮನೆಗೆ ದೂರವಾಣಿ ಕೊಡಲು ಸರ್ಕಾರಕ್ಕೆ ಸಾಧ್ಯವಿರಲಿಲ್ಲ; ಬೀದಿಗೊಂದು ಕೊಡಬಹುದಿತ್ತು. ಹೀಗೆ ಹಳದಿ ಫಲಕದ ಬೂತುಗಳು ಬಂದವು. ಪರವಾನಗಿ ನೀಡುವಾಗ ಅಂಗವಿಕಲರಿಗೆ ಆದ್ಯತೆಯಿತ್ತು. ಗಾಜಿನ ಗೂಡು, ಮೀಟರು, ರಸೀದಿ ಮುದ್ರಿಸುವ ಯಂತ್ರ, ಒಂದು ಸ್ಟೂಲು, ಇಷ್ಟೇ ಬಂಡವಾಳ. ರಾತ್ರಿಯಾದಂತೆ ದರ ಇಳಿಯುತ್ತಿದ್ದುದರಿಂದ ಊಟ ಮುಗಿಸಿ ಜನ ಸಾಲುಗಟ್ಟುತ್ತಿದ್ದರು. ಮನೆಯಲ್ಲಿ ಫೋನಿಲ್ಲದವರ ವಿಳಾಸಗಳಲ್ಲಿ ಬೂತಿನ ಸಂಖ್ಯೆಯೇ ‘ಪಿ.ಪಿ.’ ಎಂದು ಅಚ್ಚಾಗುತ್ತಿತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೊಂದು ಬೂತು ನಡೆಸಿ ಇಬ್ಬರು ತಂಗಿಯರ ಮದುವೆ ಮಾಡಿದ. ಕರೆ ಬಂದರೆ ಬೀದಿಯ ಕೊನೆಯವರೆಗೂ ಹುಡುಗನನ್ನು ಓಡಿಸಿ ಕರೆಸುತ್ತಿದ್ದ. ಅದಕ್ಕೆ ಕಾಸು ಕೇಳಿದವನಲ್ಲ.

ಆದರೆ ಈ ವ್ಯಾಪಾರದ ಬುಡದಲ್ಲೇ ಒಂದು ದೌರ್ಬಲ್ಯವಿತ್ತು. ಮಾರುವ ಸರಕಿನ ಬೆಲೆ ನಿಗದಿ ಮಾಡುವ ಅಧಿಕಾರ ಅಂಗಡಿಯವನಿಗಿರಲಿಲ್ಲ. ದರ ಮೇಲಿನಿಂದ ಬರುತ್ತಿತ್ತು; ಅವನಿಗೆ ಕಮಿಷನ್ ಮಾತ್ರ. ಕರೆ ದುಬಾರಿಯಾಗಿದ್ದಷ್ಟು ಕಾಲ ಅವನ ಬದುಕು ಹಸನು. 1995ರ ಜುಲೈ 31ರಂದು ಜ್ಯೋತಿ ಬಸು ಅವರು ಸುಖ್ ರಾಮ್ ಅವರೊಡನೆ ದೇಶದ ಮೊದಲ ಮೊಬೈಲ್ ಕರೆಯಲ್ಲಿ ಮಾತನಾಡಿದಾಗ ಬೂತಿನವರು ಹೆದರಲಿಲ್ಲ. ಆಗ ಮೊಬೈಲಿನಲ್ಲಿ ಬಂದ ಕರೆಗೂ ಹಣ ತೆರಬೇಕಿತ್ತು. 2003ರ ಮೇ ತಿಂಗಳಿನಿಂದ ಬರುವ ಕರೆ ಉಚಿತವಾಯಿತು. 2006ರ ಮಾರ್ಚ್‌ನಲ್ಲಿ ಬಿ.ಎಸ್.ಎನ್.ಎಲ್. ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂದಿತು. ದೂರಕ್ಕೆ ಬೆಲೆಯೇ ಇಲ್ಲದ ಮೇಲೆ ದೂರವನ್ನು ಮಾರುವವನಿಗೆ ಏನು ಉಳಿದೀತು?

ನನ್ನ ಶಿಷ್ಯ ಗಾಜಿನ ಗೂಡು ತೆಗೆಸಿ ಜೆರಾಕ್ಸ್ ಯಂತ್ರ ಇಟ್ಟ, ಮೊಬೈಲ್ ರೀಚಾರ್ಜ್ ಮಾಡತೊಡಗಿದ. ಅಲ್ಲಿಯೂ ಕಮಿಷನ್ನೇ. ಈಗ ಜನ ತಮ್ಮ ಫೋನಿನಲ್ಲಿ ತಾವೇ ರೀಚಾರ್ಜ್ ಮಾಡಿಕೊಳ್ಳುತ್ತಾರೆ.

ಕರೆ ಅಗ್ಗವಾದದ್ದು ಒಳ್ಳೆಯದೇ. ಬಡವನ ಕೈಗೂ ಫೋನು ಬಂತು. ಆದರೆ ಆ ಲಾಭ ಎಲ್ಲರಿಗೂ ಹಂಚಿಹೋಯಿತು, ನಷ್ಟ ಮಾತ್ರ ಒಬ್ಬನ ಹೆಗಲಿಗೇ ಬಿತ್ತು. ಬೇರೆ ಕೆಲಸಕ್ಕೆ ಓಡಲಾರದ ಅಂಗವಿಕಲರಿಗೆಂದೇ ಕೊಟ್ಟ ಜೀವನೋಪಾಯ ಕಳಚಿದಾಗ ಅದರ ಬದಲಿಗೆ ಏನು ಎಂಬ ಪ್ರಶ್ನೆ ಗಟ್ಟಿಯಾಗಿ ಕೇಳಿಬರಲಿಲ್ಲ. ಹೊಸ ತಂತ್ರಜ್ಞಾನದ ಕೆಲಸದಲ್ಲಿರುವ ನನ್ನ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಮರೆಯದಿರಲಿ. ನಿಮ್ಮಲ್ಲಿ ಯಾರಾದರೂ ಬೂತು ನಡೆಸಿದ್ದರೆ ನಿಮ್ಮ ಅನುಭವವನ್ನು ದಯವಿಟ್ಟು ಬರೆದು ತಿಳಿಸಿ.